ಅಪ್ಪನ ಕಾರಿನ ಕೀ ಕಳೆದ ದಿನ

ನಾನು ಚಿಕ್ಕವನಿದ್ದಾಗ, ನನಗೆ ಹತ್ತು ವರ್ಷ ತುಂಬಿದ ನವೆಂಬರಿನಲ್ಲಿ, ಡ್ಯಾಲಸ್ ಹತ್ತಿರದ ಊರು ಯೂಲೆಸ್‌ನ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ನಾನು ಮತ್ತು ಅಪ್ಪ ಇಬ್ಬರೇ ಇದ್ದೆವು. ವಿಮಾನ ನಿಲ್ದಾಣ ಪಕ್ಕದಲ್ಲೇ. ವಿಮಾನ ಇಳಿಯುವಾಗ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಅಪ್ಪ ಮಾತು ನಿಲ್ಲಿಸಿ, ಸದ್ದು ಹೋಗಲಿ ಎಂದು ಕಾಯುತ್ತಿದ್ದ. ಎಷ್ಟೋ ಸಲ ಸದ್ದು ಹೋದ ಮೇಲೂ ಅವನು ಮಾತು ಮುಂದುವರಿಸುತ್ತಿರಲಿಲ್ಲ.

ನನ್ನ ಊರು ಹ್ಯೂಸ್ಟನ್. ನಾನು ಹುಟ್ಟಿದ್ದು, ಸೈಕಲ್ ಕಲಿತದ್ದು, ಮೊದಲ ಹಲ್ಲು ಬಿದ್ದದ್ದು ಎಲ್ಲ ಅಲ್ಲೇ. ಯೂಲೆಸ್‌ನ ಹೊಸ ಶಾಲೆಯಲ್ಲಿ ಯಾರಾದರೂ ನಿನ್ನ ಊರು ಯಾವುದು ಎಂದು ಕೇಳಿದಾಗ ನಾನು ಹ್ಯೂಸ್ಟನ್ ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಅದಲ್ಲ, ನಿಜವಾದ ಊರು ಹೇಳು ಎನ್ನುತ್ತಿದ್ದರು. ನಾನು ಮತ್ತೆ ಹ್ಯೂಸ್ಟನ್ ಎನ್ನುತ್ತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಅಪ್ಪ ಅಮ್ಮ ನನ್ನನ್ನೂ ಅಕ್ಕನನ್ನೂ ಸೋಫಾದ ಮೇಲೆ ಕೂರಿಸಿ ಒಂದು ಸುದ್ದಿ ಹೇಳಿದ್ದರು. ಅಪ್ಪನಿಗೆ ಡ್ಯಾಲಸ್ ಹತ್ತಿರ, ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಅಮ್ಮ ಇಲ್ಲಿನ ಆಸ್ಪತ್ರೆಯ ಲ್ಯಾಬಿನ ಕೆಲಸ ಬಿಡುವಂತಿಲ್ಲ. ಅಕ್ಕನ ಹೈಸ್ಕೂಲು ನಡುವೆ ತಪ್ಪಬಾರದು. ಆದ್ದರಿಂದ ಸ್ವಲ್ಪ ದಿನ ಅಪ್ಪನ ಜೊತೆ ನಾನು, ಅಮ್ಮನ ಜೊತೆ ಅಕ್ಕ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ನಾನು ಕೇಳಿದೆ. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಫ್ಯಾನು ನೋಡಿದ. ಅಕ್ಕ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅವಳಿಗೆ ಹದಿನಾಲ್ಕು ವರ್ಷ. ನನಗೆ ಕಾಣದ್ದು ಅವಳಿಗೆ ಕಾಣುತ್ತಿತ್ತು.

ಯೂಲೆಸ್‌ನಲ್ಲಿ ಅಪ್ಪ ಅಡುಗೆ ಕಲಿಯುತ್ತಿದ್ದ. ಅನ್ನ ಒಂದು ದಿನ ಗಂಜಿಯಾದರೆ ಇನ್ನೊಂದು ದಿನ ತಳ ಹತ್ತುತ್ತಿತ್ತು. ರವಿವಾರ ಸಂಜೆ ಅಮ್ಮನ ಫೋನು ಬರುತ್ತಿತ್ತು. ನಾನು ಮಾತಾಡಿ ರಿಸೀವರನ್ನು ಅಪ್ಪನಿಗೆ ಚಾಚಿದರೆ ಅವನು ಕೈ ಅಡ್ಡಡ್ಡ ಆಡಿಸಿ ಬೇಡ ಎನ್ನುತ್ತಿದ್ದ. ಆದರೂ ನನ್ನಲ್ಲೊಂದು ಲೆಕ್ಕಾಚಾರವಿತ್ತು. ನವೆಂಬರಿನ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹ್ಯೂಸ್ಟನ್‌ಗೆ ಹೋಗುವುದು ಎಂದು ನಿಶ್ಚಯವಾಗಿತ್ತು. ಒಮ್ಮೆ ನಾಲ್ವರೂ ಒಟ್ಟಿಗೆ ಕೂತು ಊಟ ಮಾಡಿದರೆ ಎಲ್ಲ ಸರಿಹೋಗುತ್ತದೆ, ನಾನು ಯೂಲೆಸ್‌ಗೆ ಮರಳಿ ಬರಬೇಕಾಗುವುದಿಲ್ಲ ಎಂದು ನಂಬಿದ್ದೆ. ಅದಕ್ಕೇ ಒಂದು ದಿನದ ಪ್ರಯಾಣಕ್ಕೆ ನನ್ನ ಬಟ್ಟೆಗಳನ್ನೆಲ್ಲ, ಶಾಲೆಯ ಪುಸ್ತಕಗಳನ್ನೆಲ್ಲ ದೊಡ್ಡ ಚೀಲದಲ್ಲಿ ತುರುಕಿದೆ. ಬೆಳಗಿನ ಜಾವ ಅದನ್ನು ಎತ್ತಿ ಕಾರಿನಲ್ಲಿ ಇಡುವಾಗ ಅಪ್ಪನ ತೋಳು ಜಗ್ಗಿತು.

“ಏನೋ ಇದು? ಸಂಜಿಗೆ ಹೊಳ್ಳಿ ಬರೂದದ. ನಾಳೆ ಬೆಳಿಗ್ಗೆ ನನ್ನ ಡ್ಯೂಟಿ ಅದ. ಇಷ್ಟೆಲ್ಲಾ ಯಾಕ?”

ನಾನು ಬೂಟಿನ ಲೇಸು ಕಟ್ಟುತ್ತಿರುವವನಂತೆ ಬಗ್ಗಿದೆ. ಅಪ್ಪ ಚೀಲವನ್ನು ಮತ್ತೊಮ್ಮೆ ನೋಡಿ ಹಿಂದಿನ ಸೀಟಿನ ಮೇಲಿಟ್ಟು ಬಾಗಿಲು ಹಾಕಿದ.

ಡ್ಯಾಲಸ್ ದಾಟುವ ಹೊತ್ತಿಗೆ ಬೆಳಕು ಹರಿಯಿತು. ಹೊಲಗಳ ಮೇಲೆ ಮಂಜು ಮಲಗಿತ್ತು. ತಂತಿ ಬೇಲಿಯ ಆಚೆ ದನಗಳು ಮೈಯಿಂದ ಹಬೆ ಬಿಡುತ್ತ ನಿಂತಿದ್ದವು. ಅಪ್ಪ ಬ್ರೆಡ್ಡಿಗೆ ಶೇಂಗಾ ಚಟ್ನಿ ಸವರಿ ತಂದಿದ್ದ. ಥರ್ಮಾಸಿನ ಚಹಾದ ಮುಚ್ಚಳ ತೆಗೆದಾಗ ಕಾರಿನ ತುಂಬ ಶುಂಠಿಯ ವಾಸನೆ ಹರಡಿತು. ಮೂರು ಗಂಟೆ ಹೋದ ಮೇಲೆ ರಸ್ತೆಯ ಎರಡೂ ಬದಿಗೆ ಪೈನ್ ಮರಗಳು ಶುರುವಾದವು. ಕಿಟಕಿ ಇಳಿಸಿದರೆ ಒದ್ದೆ ಗಾಳಿ. ಊರು ಹತ್ತಿರವಾಯಿತು ಎಂದು ನನ್ನ ಮೂಗಿಗೇ ಗೊತ್ತಾಯಿತು. ಒಂದು ಪೆಟ್ರೋಲ್ ಬಂಕಿನಲ್ಲಿ ಅಪ್ಪ ಕಾರು ನಿಲ್ಲಿಸಿ ಬಾತ್‌ರೂಮಿಗೆ ಹೋದ. ಹೊರಗೆ ಬಂದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ನೀರು ಹಚ್ಚಿ ತಲೆ ಬಾಚಿದ್ದ. ಅಮ್ಮನಿಗಾಗಿಯೇ ಅಂಗಿ ಬದಲಿಸಿದ್ದಾನೆ ಎಂದುಕೊಂಡು ನಾನು ಖುಷಿಪಟ್ಟೆ.

ಹ್ಯೂಸ್ಟನ್ ಬಂತು. ನಮ್ಮ ಬೀದಿಗೆ ತಿರುಗುವ ಕಡೆ ಅಪ್ಪ ತಿರುಗಲಿಲ್ಲ. ನೇರ ಹೋಗಿ ಆಂಟಿಯ ಮನೆಯ ಮುಂದೆ ನಿಲ್ಲಿಸಿದ. ಆಂಟಿಯ ಮನೆ ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ಅವರು ಬೆಂಗಳೂರಿನವರು, ಅಮ್ಮನ ಗೆಳತಿ. ಹ್ಯೂಸ್ಟನ್‌ನಲ್ಲಿ ಆಗ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ದೀಪಾವಳಿಗೆ ಯಾರಿಗೂ ರಜೆ ಇರುತ್ತಿರಲಿಲ್ಲ. ಹಾಗಾಗಿ ಥ್ಯಾಂಕ್ಸ್‌ಗಿವಿಂಗ್ ದಿನವೇ ಎಲ್ಲರೂ ಆಂಟಿಯ ಮನೆಯಲ್ಲಿ ಸೇರುತ್ತಿದ್ದೆವು. ಅವರ ಹಿತ್ತಲಲ್ಲಿ ಅಕ್ರೋಟಿನ ಜಾತಿಯ ದೊಡ್ಡ ಪೀಕನ್ ಮರವೊಂದಿತ್ತು. ನವೆಂಬರಿನಲ್ಲಿ ಹುಲ್ಲಿನ ತುಂಬ ಕಾಯಿ ಬಿದ್ದಿರುತ್ತಿತ್ತು, ಹೆಜ್ಜೆ ಇಟ್ಟಲ್ಲೆಲ್ಲ ಟಪ್ ಟಪ್ ಎಂದು ಒಡೆಯುತ್ತಿತ್ತು.

ಬಾಗಿಲು ತೆರೆದದ್ದು ಅಮ್ಮ. ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಅವಳ ಸೀರೆಯಲ್ಲಿ ಒಗ್ಗರಣೆಯ ಇಂಗಿನ ಪರಿಮಳ. ನನ್ನ ತಲೆಯ ಮೇಲಿನಿಂದ ಅವಳು ಅಪ್ಪನನ್ನು ಕೇಳಿದಳು: “ಬಂದ್ರಾ? ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಲ್ಲ?”

“ಇಲ್ಲ. ರೋಡ್ ಖಾಲಿ ಇತ್ತು,” ಎಂದ ಅಪ್ಪ.

ಅಷ್ಟೇ. ಮದುವೆ ಮನೆಯಲ್ಲಿ ಗುರುತಿಲ್ಲದವರು ಮಾತಾಡಿಕೊಳ್ಳುವ ಹಾಗೆ ಆ ಮಾತು ಮುಗಿಯಿತು. ಅಪ್ಪ ಕೋಟು ತೆಗೆದು ಒಳಕೋಣೆಯ ಮಂಚದ ಮೇಲೆ, ಎಲ್ಲರ ಕೋಟುಗಳ ಜೊತೆ ಹಾಕಿ, ಗಂಡಸರು ಕೂತಿದ್ದ ಕಡೆಗೆ ಹೋದ.

“ಹಸಿವಾಯ್ತೇನೋ?” ಅಡುಗೆಮನೆಗೆ ಕರೆದುಕೊಂಡು ಹೋಗಿ ಅಮ್ಮ ಕೇಳಿದಳು.

“ಭಾಳ ಹಸಿವಿ ಆಗೇದ,” ಎಂದೆ ನಾನು.

ಪಕ್ಕದಲ್ಲಿದ್ದ ಅಕ್ಕ ಗೊಳ್ಳೆಂದು ನಕ್ಕುಬಿಟ್ಟಳು. ಅಮ್ಮ ಮೈಸೂರಿನವಳು, ಅಪ್ಪ ಹುಬ್ಬಳ್ಳಿಯವನು. ಮನೆಯಲ್ಲಿ ಅಮ್ಮನ ಮಾತೇ ನಡೆಯುತ್ತಿದ್ದುದರಿಂದ ನಾನೂ ಅಕ್ಕನೂ ಅವಳ ಹಾಗೇ ಮಾತಾಡುತ್ತಿದ್ದೆವು. ಐದು ತಿಂಗಳಲ್ಲಿ ನನ್ನ ನಾಲಿಗೆ ಅಪ್ಪನ ಕಡೆ ಹೊರಳಿದ್ದು ನನಗೇ ಗೊತ್ತಾಗಿರಲಿಲ್ಲ. ನಾನೂ ನಕ್ಕೆ. ಆದರೆ ಅಮ್ಮ ನಗಲಿಲ್ಲ. “ಅಪ್ಪನ ಹಾಗೇ ಆಗಿಬಿಟ್ಟಿದ್ದೀಯ,” ಎಂದು ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು. ತೊಳೆಯಲು ಅಲ್ಲಿ ಏನೂ ಇರಲಿಲ್ಲ.

ಊಟಕ್ಕೆ ಆಂಟಿಯ ಮೇಜು ತುಂಬಿತ್ತು. ಬಿಸಿಬೇಳೆಬಾತು, ಅಂಗಡಿಯ ಡಬ್ಬಿ ಮಜ್ಜಿಗೆಯಲ್ಲಿ ಮಾಡಿದ ಮಜ್ಜಿಗೆಹುಳಿ, ಸಿಹಿಗುಂಬಳದ ಪಲ್ಯ, ಕ್ರ್ಯಾನ್‌ಬೆರಿ ಹಣ್ಣಿಗೆ ಮೆಂತ್ಯ, ಖಾರಪುಡಿ ಹಾಕಿ ಕುದಿಸಿದ ಕೆಂಪನೆಯ ತೊಕ್ಕು. ಆಂಟಿಗೆ ನಾಲ್ಕು ವರ್ಷದ ಮಗಳಿದ್ದಳು, ಎಲ್ಲರಿಗೂ ಅವಳು ಪುಟ್ಟಿ. ಕೈಗೆ ಸಿಕ್ಕಿದ್ದನ್ನೆಲ್ಲ ಎಲ್ಲಾದರೂ ಬಚ್ಚಿಡುವುದು ಅವಳ ಆಟ. ಅವತ್ತೂ ಒಂದು ಚಮಚ ಫ್ರಾಕಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಳು.

ಊಟಕ್ಕೆ ಮೊದಲು ಪ್ರತಿಯೊಬ್ಬರೂ ಆ ವರ್ಷ ತಮಗೆ ಒಳ್ಳೆಯದಾದ ಒಂದು ವಿಷಯ ಹೇಳಬೇಕು. ಅದು ಆಂಟಿಯ ನಿಯಮ. ಒಬ್ಬ ಅಂಕಲ್ ಹೊಸ ಮನೆ ಎಂದರು, ಇನ್ನೊಬ್ಬರು ತಮ್ಮನ ಮದುವೆ ಎಂದರು. ಅಮ್ಮ, “ಮಗಳು ಚೆನ್ನಾಗಿ ಓದ್ತಿದ್ದಾಳೆ,” ಎಂದಳು. ಅಪ್ಪ ಗಂಟಲು ಸರಿಮಾಡಿಕೊಂಡು, “ಮಕ್ಕಳು ಆರಾಮ ಅದಾರ,” ಎಂದ. ನನ್ನ ಸರದಿ ಬಂತು.

“ನಾನು ಊರಿಗೆ ವಾಪಸ್ ಬಂದೆ,” ಎಂದೆ.

ಒಬ್ಬ ಅಂಕಲ್ ಕನ್ನಡಕ ಒರೆಸಿಕೊಂಡರು. ಆಂಟಿ ತಡಬಡಿಸಿ ಸೌಟು ಎತ್ತಿಕೊಂಡು, “ಬಡಿಸ್ತೀನಿ, ಆರಿಹೋಗತ್ತೆ,” ಎಂದರು. ಇವರಿಗೆಲ್ಲ ಗೊತ್ತಿರುವುದು ಏನೋ ಒಂದಿದೆ, ನನಗೆ ಮಾತ್ರ ಗೊತ್ತಿಲ್ಲ ಎಂದು ನನಗೆ ಅನ್ನಿಸಿದ್ದು ಆಗಲೇ.

ಊಟವಾದ ಮೇಲೆ ನಾನು ಅಕ್ಕನ ಕೈ ಹಿಡಿದು ಎಳೆದೆ. “ಬಾ, ಮನೆಗೆ ಹೋಗಿ ನನ್ನ ಸೈಕಲ್ ನೋಡಿ ಬರೋಣ.”

ಅಕ್ಕ ಬೇಡ ಎಂದಳು. ನಾನು ಬಿಡಲಿಲ್ಲ. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬೀದಿಯಲ್ಲಿ ಜನರಿರಲಿಲ್ಲ. ಮನೆಮನೆಗಳಿಂದ ಟಿವಿಯ ಫುಟ್‌ಬಾಲ್ ಗದ್ದಲ, ಬೇಯುತ್ತಿದ್ದ ಟರ್ಕಿ ಕೋಳಿಯ ವಾಸನೆ. ತಿರುವು ದಾಟಿದಾಗ ನಮ್ಮ ಮನೆ ಕಂಡಿತು. ಮುಂದೆ ನಮ್ಮದಲ್ಲದ ನೀಲಿ ಟ್ರಕ್ಕು. ಹುಲ್ಲಿನ ಮೇಲೆ ಯಾವುದೋ ಮಗುವಿನ ಕೆಂಪು ತಳ್ಳುಬಂಡಿ. ಅಮ್ಮ ಮಲ್ಲಿಗೆ ಹಬ್ಬಿಸಿದ್ದ ಕಂಬದ ಪಕ್ಕ ಮಾಂಸ ಸುಡುವ ಒಲೆ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಬ್ಬಳು ಬಿಳಿಯ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು. ನಮ್ಮನ್ನು ನೋಡಿ ಅವಳು ಕೈಬೀಸಿ ನಕ್ಕಳು.

“ಯಾರದು?”

“ಹೋದ ತಿಂಗಳಿಂದ ಅವರೇ ಇರೋದು,” ಎಂದಳು ಅಕ್ಕ. “ನಾನು, ಅಮ್ಮ ಆಸ್ಪತ್ರೆ ಹತ್ರ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದ್ವಿ. ಒಂದೇ ಬೆಡ್‌ರೂಮು. ನಿನಗೆ ಹೇಳಬೇಡ ಅಂದ್ರು.”

“ನನ್ನ ಮಂಚ?”

ಅಕ್ಕ ನನ್ನ ಕೈ ಹಿಡಿದುಕೊಂಡಳು.

“ಮತ್ತೆ ನಾನು ವಾಪಸ್ ಬಂದಾಗ ಎಲ್ಲಿ ಮಲಗೋದು?”

ಅಕ್ಕ ತುಟಿ ಕಚ್ಚಿಕೊಂಡು ಬೀದಿಯ ಆ ಕಡೆ ನೋಡಿದಳು. ನಾನು ಅವಳ ಕೈ ಬಿಡಿಸಿಕೊಂಡು ಓಡಿದೆ.

ಆಂಟಿಯ ಮನೆ ತಲುಪುವ ಹೊತ್ತಿಗೆ ಉಸಿರು ಸಿಗುತ್ತಿರಲಿಲ್ಲ. ಗಂಡಸರು ಇಸ್ಪೀಟು ಆಡುತ್ತಿದ್ದರು, ಹೆಂಗಸರು ಹಿತ್ತಲಲ್ಲಿ ಪೀಕನ್ ಕಾಯಿ ಆರಿಸುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಅಪ್ಪ ಸಂಜೆ ಹೊರಡಬಾರದು. ಒಂದು ರಾತ್ರಿ ಇಲ್ಲಿ ಉಳಿದರೆ ಅವನೂ ಅಮ್ಮನೂ ಮಾತಾಡಲೇಬೇಕಾಗುತ್ತದೆ. ಒಳಕೋಣೆಗೆ ಹೋಗಿ ಅಪ್ಪನ ಕೋಟಿನ ಜೇಬಿಗೆ ಕೈ ಹಾಕಿದೆ. ಕೀ ತಣ್ಣಗಿತ್ತು. ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ಅಡುಗೆಮನೆಯ ಪಕ್ಕದ ಉಗ್ರಾಣಕ್ಕೆ ನುಗ್ಗಿದೆ. ಅಲ್ಲಿ ನನ್ನ ಸೊಂಟದೆತ್ತರದ ಅಕ್ಕಿಯ ತಗಡಿನ ಡಬ್ಬಿ. ಮುಚ್ಚಳ ತೆಗೆದು ಮೊಣಕೈ ಮುಳುಗುವವರೆಗೆ ಕೈ ತೂರಿಸಿ, ಅಕ್ಕಿಯ ಒಳಗೆ ಕೀ ಬಿಟ್ಟು, ಮೇಲೆ ಸಮ ಮಾಡಿ, ಮುಚ್ಚಳ ಹಾಕಿದೆ.

ನಾಲ್ಕು ಗಂಟೆಗೆ ಅಪ್ಪ ಎದ್ದ. ಕೋಟು ಹಾಕಿಕೊಂಡು ಜೇಬು ತಟ್ಟಿಕೊಂಡ. ಇನ್ನೊಂದು ಜೇಬು ತಟ್ಟಿಕೊಂಡ. “ಇಲ್ಲೇ ಕಿಸೇದಾಗ ಇಟ್ಟಿದ್ನಲ್ಲಾ,” ಎಂದು ತನಗೇ ಹೇಳಿಕೊಂಡ. ಆಮೇಲೆ ಹುಡುಕಾಟ ಶುರುವಾಯಿತು. ಮಂಚದ ಮೇಲಿನ ಕೋಟುಗಳನ್ನೆಲ್ಲ ಕೊಡವಿದರು. ಸೋಫಾದ ದಿಂಬು ಎತ್ತಿದರು. ಮೂವರು ಅಂಕಲ್‌ಗಳು ಹುಲ್ಲಿನಲ್ಲಿ ಬಗ್ಗಿ ನಡೆದರು. ಅಪ್ಪ ಆ ಬಿಳಿ ಅಂಗಿಯಲ್ಲೇ ಮೊಣಕಾಲೂರಿ ಕಾರಿನ ಕೆಳಗೆ ಇಣುಕಿ ನೋಡಿದ. ಎದ್ದಾಗ ಅಂಗಿಯ ಮೇಲೆ ಮಣ್ಣು, ಹಣೆಯ ಮೇಲೆ ಬೆವರು.

“ಇನ್ನೊಂದು ಕೀ ಯೂಲೆಸ್‌ನ್ಯಾಗ ಅದ,” ಎಂದ. “ಬೆಳಿಗ್ಗೆ ಆರಕ್ಕ ನಾ ಡ್ಯೂಟಿಮ್ಯಾಲೆ ಇರಬೇಕು. ಹೊಸಬ ಅದೀನಿ. ಮೊದಲನೇ ವರ್ಷಾನ ತಪ್ಪಿಸಿದ್ರ ಏನಂದಾರು?” ಅವನ ದನಿಯಲ್ಲಿ ಹೆದರಿಕೆ ಇತ್ತು. ಅಪ್ಪನೂ ಹೆದರುತ್ತಾನೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದು ರಾತ್ರಿ ಉಳಿದರೆ ಸಾಕು ಎಂದು ನಾನು ಎಣಿಸಿದ್ದೆ. ಆ ರಾತ್ರಿಗೆ ಇಂಥದ್ದೊಂದು ಬೆಳಗು ಅಂಟಿಕೊಂಡಿರುತ್ತದೆ ಎಂದು ಹೊಳೆದಿರಲಿಲ್ಲ.

ಆಗ ಯಾರೋ ಒಬ್ಬರು ಅಂದರು: “ಪುಟ್ಟಿ ತಗೊಂಡಿರಬಹುದಾ?”

ಎಲ್ಲರೂ ಪುಟ್ಟಿಯ ಕಡೆ ತಿರುಗಿದರು. ಆಂಟಿ ಅವಳ ಫ್ರಾಕಿನ ಜೇಬು ತಡಕಿದರು. ಚಮಚ ಸಿಕ್ಕಿತು. “ಅಂಕಲ್ ಕೀ ಎಲ್ಲಿ? ಎಲ್ಲಿಟ್ಟೆ ಹೇಳು!” ಪುಟ್ಟಿ ಬಾಯಿ ತೆರೆದು ನೋಡಿದಳು. “ಹೇಳ್ತೀಯೋ ಇಲ್ವೋ?” ಬೆಳಗಿನಿಂದ ದುಡಿದು ಸೋತಿದ್ದ ಆಂಟಿ ಅವಳ ಬೆನ್ನಿಗೆ ಒಂದು ಬಾರಿಸಿಯೇಬಿಟ್ಟರು. ಪುಟ್ಟಿ ಕಿರುಚಿ ಅತ್ತಳು. ಅಳುತ್ತಲೇ ತನ್ನ ಆಟಿಕೆಗಳ ಬುಟ್ಟಿಯ ಹತ್ತಿರ ಓಡಿದಳು. ಅಲ್ಲಿಂದ ಬಣ್ಣಬಣ್ಣದ ಪ್ಲಾಸ್ಟಿಕ್ ಕೀ ಗೊಂಚಲೊಂದನ್ನು ಹೆಕ್ಕಿ ತಂದು ಅಪ್ಪನ ಕೈಗಿಟ್ಟು, “ತಗೊಳ್ಳಿ ಅಂಕಲ್, ನಂದು ತಗೊಳ್ಳಿ,” ಎಂದಳು.

ಅಪ್ಪ ಆ ಪ್ಲಾಸ್ಟಿಕ್ ಕೀಗಳನ್ನು ಹಿಡಿದು ನಿಂತ. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೇಳು, ಹೇಳು ಎಂದು ಒಳಗೆ ಯಾರೋ ಕೂಗುತ್ತಿದ್ದರು. ಹಿಂಬಾಗಿಲಿನಿಂದ ಹೊರಗೆ ಜಾರಿ ಪೀಕನ್ ಮರದ ಹಿಂದೆ ಹೋಗಿ ಕೂತೆ.

ಅಕ್ಕ ಬಂದಳು. ನನ್ನ ಪಕ್ಕ ಕೂತು ನನ್ನ ಸ್ವೆಟರಿನ ತೋಳನ್ನು ಹಿಡಿದು ನೋಡಿದಳು. ಮೊಣಕೈವರೆಗೆ ಅಕ್ಕಿಯ ಬಿಳಿ ಹಿಟ್ಟು.

“ಅಕ್ಕಿ ಡಬ್ಬೀಲಾ?”

ನಾನು ತಲೆ ಆಡಿಸಿದೆ. ಅವಳು ಬೈಯಬಹುದು ಎಂದುಕೊಂಡಿದ್ದೆ. ಅವಳು ನೆಲದ ಮೇಲಿನ ಒಂದು ಕಾಯಿ ಎತ್ತಿಕೊಂಡು ಅಂಗೈಯಲ್ಲಿ ಉರುಳಿಸಿದಳು.

“ಬೇಸಿಗೇಲಿ ಅಪ್ಪಂಗೆ ಕೆಲಸದ ಲೆಟರ್ ಬಂತಲ್ಲ, ಅದನ್ನ ನಾನೇ ಹರಿದು ಕಸದ ಡಬ್ಬಿಗೆ ಹಾಕಿದ್ದೆ,” ಎಂದಳು. “ಕಾರ್ಖಾನೆಯವರು ಫೋನ್ ಮಾಡಿಬಿಟ್ರು. ಅಪ್ಪ ಹೋಗೇಬಿಟ್ರು.”

“ಅಪ್ಪಂಗೆ ಗೊತ್ತಾ?”

“ಇಲ್ಲ. ಯಾರಿಗೂ ಗೊತ್ತಿಲ್ಲ. ಕೆಲಸಕ್ಕೋಸ್ಕರ ಹೋಗಿದ್ದಲ್ಲ ಕಣೋ ಅಪ್ಪ. ಹೋಗ್ಬೇಕು ಅಂತಾನೇ ಕೆಲಸ ಹುಡುಕಿಕೊಂಡಿದ್ದು. ಅವರಿಬ್ಬರೂ ಇನ್ನು ಒಟ್ಟಿಗಿರಲ್ಲ. ನೀನು ಇವತ್ತು ಕೀ ಬಚ್ಚಿಟ್ರೆ ಅಪ್ಪ ನಾಳೆ ಬಸ್ಸಲ್ಲಿ ಹೋಗ್ತಾರೆ.”

ಮನೆಯೊಳಗಿಂದ ಪುಟ್ಟಿಯ ಬಿಕ್ಕಳಿಕೆ ಇನ್ನೂ ಕೇಳುತ್ತಿತ್ತು. ಅಕ್ಕ ಎದ್ದು ಸ್ಕರ್ಟು ಕೊಡವಿಕೊಂಡಳು. “ನಾನು ಹೇಳಲ್ಲ. ನೀನೇ ಹೇಳು,” ಎಂದು ಕೈ ಚಾಚಿದಳು. ಅವಳ ಕೈ ಹಿಡಿದುಕೊಂಡೇ ಒಳಗೆ ಹೋದೆ.

ಹಾಲಿನಲ್ಲಿ ಎಲ್ಲರೂ ಇದ್ದರು. ಆಂಟಿಯ ತೊಡೆಯ ಮೇಲೆ ಪುಟ್ಟಿ. ನಾನು ಆಂಟಿಯ ಮುಂದೆ ನಿಂತೆ.

“ಪುಟ್ಟಿ ಅಲ್ಲ ಆಂಟಿ. ನಾನು. ಅಕ್ಕಿ ಡಬ್ಬಿಯೊಳಗ ಅದ.”

ಆಂಟಿ ಮಗಳನ್ನು ಎದೆಗೆ ಒತ್ತಿಕೊಂಡರು. ಅವರ ಮುಖ ಕಪ್ಪಿಟ್ಟಿತು. “ಯಾಕಪ್ಪಾ ಹೀಗೆ ಮಾಡ್ದೆ?”

“ಅಪ್ಪ ಹೋಗಬಾರದು ಅಂತ,” ಎಂದೆ. ಆಮೇಲೆ ತಡೆಯಲಾಗಲಿಲ್ಲ. “ನಮ್ಮ ಮನೇಲಿ ಬೇರೆ ಯಾರೋ ಇದ್ದಾರೆ. ನನಗೆ ಯಾರೂ ಹೇಳ್ಲಿಲ್ಲ. ನಿಮಗೆಲ್ಲ ಗೊತ್ತಿತ್ತು, ನನಗೆ ಮಾತ್ರ ಯಾರೂ ಹೇಳ್ಲಿಲ್ಲ.”

ಐದು ತಿಂಗಳಿನಿಂದ ಆ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದ ಮಾತು ಹಾಲಿನ ಮಧ್ಯೆ ಬಿದ್ದಿತ್ತು. ಅಂಕಲ್‌ಗಳು ನೆಲ ನೋಡಿದರು. ಅಪ್ಪ ಅಮ್ಮನ ಕಡೆ ನೋಡಿದ, ಅಮ್ಮ ಅಪ್ಪನ ಕಡೆ ನೋಡಿದಳು. ಬೆಳಗಿನಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ನೇರವಾಗಿ ನೋಡಿದ್ದು ಅದೇ ಮೊದಲು.

ಅಮ್ಮ ಬಂದು ನನ್ನ ಹೆಗಲು ಹಿಡಿದು ಹಿತ್ತಲಿನ ಮೆಟ್ಟಿಲಿಗೆ ಕರೆದುಕೊಂಡು ಹೋದಳು. ಅಪ್ಪ ಹಿಂದೆಯೇ ಬಂದ. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಅಪ್ಪ, ನಡುವೆ ನಾನು. ಮೂವರೂ ಮೆಟ್ಟಿಲಿನ ಮೇಲೆ ಕೂತೆವು.

“ಸ್ವಲ್ಪ ದಿನ ಅಂತ ಹೇಳಿದ್ದು ಸುಳ್ಳು ಕಂದ,” ಎಂದಳು ಅಮ್ಮ. “ನಾವಿಬ್ಬರೂ ಮತ್ತೆ ಒಂದೇ ಮನೇಲಿ ಇರಲ್ಲ. ನಿನಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ.”

“ಯಾಕೆ?”

ಅಪ್ಪ ಹೇಳಿದ: “ನಾವು ಕೂಡಿ ಇದ್ರ ಇಬ್ಬರಿಗೂ ಉಸಿರು ಕಟ್ತದ. ಇದಕ್ಕಿಂತ ಛಲೋ ಹೇಳಾಕ ನನಗ ಬರೂದಿಲ್ಲ. ನೀವಿಬ್ಬರೂ ಏನೂ ಮಾಡಿಲ್ಲ. ದೊಡ್ಡವರು ನಾವು, ಮೊದಲ ದಿನಾನ ಹೇಳಬೇಕಾಗಿತ್ತು.” ನನ್ನ ತೋಳಿನ ಮೇಲಿದ್ದ ಅಕ್ಕಿಯ ಹಿಟ್ಟನ್ನು ಬೆರಳಿನಿಂದ ಕೊಡವಿದ. “ನಿನ್ನ ಚೀಲ ಕಾರಿನ್ಯಾಗ ಅದ. ಇಳಿಸಲೇನು? ಇಲ್ಲೇ ಅಮ್ಮನ ಕೂಡ ಇರ್ತೀಯೇನು? ನಿನಗ ಹೆಂಗ ಬೇಕು ಹಂಗ. ನಾ ಸಿಟ್ಟಾಗೂದಿಲ್ಲ.”

ಮಕ್ಕಳೇ, ಹತ್ತು ವರ್ಷದ ಹುಡುಗನನ್ನು ಯಾರೂ ಕೇಳಬಾರದ ಪ್ರಶ್ನೆ ಅದು. ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಕೇಳಿದ, ಅದು ನನಗೆ ಗೊತ್ತು. ಆದರೂ ಆ ಮೆಟ್ಟಿಲನ್ನು ನಾನು ಈಗಲೂ ಮರೆತಿಲ್ಲ. ಅಮ್ಮನ ಕೈ ನನ್ನ ಬೆನ್ನು ಸವರುತ್ತಿತ್ತು. ಹ್ಯೂಸ್ಟನ್ ನನ್ನ ಊರು. ಇಲ್ಲೇ ಇರುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬರುವ ದಾರಿಯ ಆ ಉದ್ದದ ಹೊಲಗಳು ಕಣ್ಣಿಗೆ ಬಂದವು, ಅಷ್ಟು ದೂರ ಅಪ್ಪ ಒಬ್ಬನೇ ಕಾರು ನಡೆಸಿಕೊಂಡು ಹೋಗುವುದು ಕಂಡಿತು. “ಈ ವರ್ಷ ಶಾಲೆ ಮುಗಿಯೋತನಕ ಅಪ್ಪನ ಜೊತೆ ಇರ್ತೀನಿ,” ಎಂದೆ. ಬೆನ್ನಿನ ಮೇಲಿದ್ದ ಅಮ್ಮನ ಕೈ ಒಂದು ಕ್ಷಣ ನಿಂತು, ಮತ್ತೆ ನಿಧಾನವಾಗಿ ಸವರತೊಡಗಿತು.

ಆಂಟಿಯೇ ಅಕ್ಕಿಯಿಂದ ಕೀ ತೆಗೆದು, ಸೆರಗಿನಿಂದ ಒರೆಸಿ ಅಪ್ಪನಿಗೆ ಕೊಟ್ಟರು. ನಾನು ಪುಟ್ಟಿಗೆ ಸಾರಿ ಹೇಳಿದೆ. ಅವಳು ಆಗಲೇ ಮರೆತು, ಒಂದು ಪೀಕನ್ ಕಾಯಿಯನ್ನು ಯಾರದೋ ಬೂಟಿನೊಳಗೆ ಇಡುತ್ತಿದ್ದಳು. ಹೊರಟಾಗ ಐದು ಗಂಟೆ, ಬಿಸಿಲು ಹಳದಿಯಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ಕೈಬೀಸಿದಳು. ಅಕ್ಕ ಬೀಸಲಿಲ್ಲ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು. ನಾನು ಅವಳನ್ನು ಬಿಟ್ಟು ಹೋದದ್ದಕ್ಕೆ ಸಿಟ್ಟೋ, ಬೇರೆ ಏನೋ, ನಾನು ಇವತ್ತಿಗೂ ಕೇಳಿಲ್ಲ.

ಅಪ್ಪ ಅಮ್ಮ ಮತ್ತೆ ಒಂದಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ನಾನು ಹ್ಯೂಸ್ಟನ್‌ಗೆ ಬಂದೆ, ಅಕ್ಕ ಕೆಲವು ತಿಂಗಳು ಯೂಲೆಸ್‌ಗೆ ಹೋದಳು. ಹೀಗೆ ನಾವಿಬ್ಬರೂ ಅದಲು ಬದಲಾಗುತ್ತ ಬೆಳೆದೆವು. ದೂರವಿದ್ದಾಗ ಅಮ್ಮ ವಾರಕ್ಕೊಂದು ಕನ್ನಡದ ಕಾಗದ ಬರೆಯುತ್ತಿದ್ದಳು, ನಾನು ತಪ್ಪು ತಪ್ಪಾಗಿ ಉತ್ತರ ಬರೆಯುತ್ತಿದ್ದೆ. ನನಗೆ ಇದನ್ನು ಬರೆಯುವಷ್ಟು ಕನ್ನಡ ಬಂದದ್ದು ಹಾಗೆ. ಆ ಪುಟ್ಟಿಗೆ ಈಗ ಐವತ್ತು ದಾಟಿದೆ. ಕಳೆದ ವರ್ಷ ಒಂದು ಮದುವೆಯಲ್ಲಿ ಸಿಕ್ಕಾಗ ಆ ದಿನದ ವಿಷಯ ಎತ್ತಿದೆ. ಅವಳಿಗೆ ಏನೂ ನೆನಪಿಲ್ಲ. ನನಗೆ ಮಾತ್ರ ಅವಳ ಬೆನ್ನ ಮೇಲೆ ಬಿದ್ದ ಆ ಏಟಿನ ಸದ್ದು ಈಗಲೂ ಕೇಳುತ್ತದೆ.

ಇದನ್ನು ಬರೆಯುತ್ತಿರುವುದು ಹ್ಯೂಸ್ಟನ್‌ನ ನನ್ನ ಮನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ದಿನ. ನೀವಿಬ್ಬರೂ ಪಕ್ಕದ ಕೋಣೆಯಲ್ಲಿ ಯಾವುದೋ ಆಟಕ್ಕೆ ಜಗಳವಾಡುತ್ತಿದ್ದೀರಿ. ನಿಮ್ಮ ಲೋಕ ನನ್ನದರ ಹಾಗಿಲ್ಲ. ಫ್ಲೂಗರ್‌ವಿಲ್‌ನಲ್ಲಿ ನಿಮ್ಮ ಅಮ್ಮನ, ಅಂದರೆ ನನ್ನ ಮಗಳ ಮನೆ, ಲಿಟಲ್ ಎಲ್ಮ್‌ನಲ್ಲಿ ನಿಮ್ಮ ಅಪ್ಪನ ಮನೆ, ಎರಡೂ ಕಡೆ ನಿಮಗೆ ಮಂಚಗಳಿವೆ. ಯಾವ ವಾರಾಂತ್ಯ, ಯಾವ ರಜೆ ಎಲ್ಲಿ ಎಂದು ಫೋನಿನ ಕ್ಯಾಲೆಂಡರಿನಲ್ಲಿ ಎರಡು ಬಣ್ಣದಲ್ಲಿ ಗುರುತು ಹಾಕಿದ್ದಾರೆ. ಬೇಕೆಂದಾಗ ಫೋನಿನಲ್ಲೇ ಅಪ್ಪನ ಮುಖ ನೋಡಿ ಮಾತಾಡುತ್ತೀರಿ. ನಿಮ್ಮ ಟೀಚರಿಗೆ ಗೊತ್ತು, ನಿಮ್ಮ ಗೆಳೆಯರಿಗೆ ಗೊತ್ತು. ನಿಮ್ಮ ಶಾಲೆಯಲ್ಲಿ ಇಂಥ ಮಕ್ಕಳ ಜೊತೆ ಕೂತು ಮಾತಾಡಲೆಂದೇ ಒಬ್ಬರಿದ್ದಾರೆ. ನಿಮಗೆ ಯಾರೂ ಸುಳ್ಳು ಹೇಳಿಲ್ಲ. ಹಾಗಾಗಿ ನಿಮಗೆ ನನ್ನಷ್ಟು ಕಷ್ಟವಿಲ್ಲ ಎಂದು ನಾನು ಸಮಾಧಾನದಲ್ಲಿದ್ದೆ.

ನಿನ್ನೆ ನಿಮ್ಮನ್ನು ಫ್ಲೂಗರ್‌ವಿಲ್‌ನಿಂದ ಕರೆತರುವಾಗ ಹಿಂದಿನ ಸೀಟಿನಿಂದ ಚಿಕ್ಕವಳು ಇಂಗ್ಲಿಷಿನಲ್ಲಿ ಒಂದು ಮಾತು ಕೇಳಿದಳು. ನಾವಿಬ್ಬರೂ ಜಗಳ ಆಡುವುದು ಬಿಟ್ಟರೆ ಅಪ್ಪ ಮನೆಗೆ ವಾಪಸ್ ಬರ್ತಾರಾ ಅಜ್ಜಾ ಎಂದು. ದೊಡ್ಡವನು ಅವಳಿಗೆ ಮೊಣಕೈಯಿಂದ ತಿವಿದ, ಆದರೆ ಉತ್ತರಕ್ಕಾಗಿ ಅವನೂ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದ. ಟ್ರಾಫಿಕ್ ಜಾಸ್ತಿ ಇದೆ ಎಂದು ಹೇಳಿ ನಾನು ತಪ್ಪಿಸಿಕೊಂಡೆ. ದೊಡ್ಡವರು ನನಗೆ ಮಾಡಿದ್ದನ್ನೇ ನಾನೂ ಮಾಡಿದೆ.

ಈಗ ಉತ್ತರ ಬರೆಯುತ್ತೇನೆ, ಇವತ್ತು ರಾತ್ರಿ ನಿಮಗೆ ನಾನೇ ಓದಿ ಹೇಳುತ್ತೇನೆ. ಇಲ್ಲ ಪುಟ್ಟಾ, ಬರುವುದಿಲ್ಲ. ನೀವು ಎಷ್ಟು ಜಗಳವಾಡಿದರೂ ಇಲ್ಲ, ಆಡದಿದ್ದರೂ ಇಲ್ಲ. ಅದು ನಿಮ್ಮ ಕೈಯಲ್ಲಿ ಇರುವುದಲ್ಲ. ನಾಳೆ ಮಧ್ಯಾಹ್ನ ನಿಮ್ಮ ಅಪ್ಪ ಲಿಟಲ್ ಎಲ್ಮ್‌ನಿಂದ ಬರುತ್ತಾರೆ, ಅಮ್ಮನೂ ಇರುತ್ತಾಳೆ, ಎಲ್ಲರೂ ಒಟ್ಟಿಗೆ ಊಟ ಮಾಡುತ್ತೇವೆ. ಸಂಜೆ ಅವರ ಎರಡು ಕಾರುಗಳು ಎರಡು ದಿಕ್ಕಿಗೆ ಹೊರಡುತ್ತವೆ. ಆಗ ನಿಮಗೆ ಅಳು ಬಂದರೆ ಮರದ ಹಿಂದೆ ಹೋಗಬೇಡಿ. ಎಲ್ಲರ ಮುಂದೆಯೇ ಅಳಿ. ನಾನು ಪಕ್ಕದಲ್ಲಿ ಇರುತ್ತೇನೆ.